ಸ್ಟಾರ್ಟ್ ಆಗೋಕೆ ಎಂಟು ಸೆಕೆಂಡ್: ಹಳೇ ಎಂಪಿಎಫ್‌ಐ ಕಾರಿನೊಳಗಿನ ನೂರು ವರ್ಷದ ಕಥೆ



ಇತಿಹಾಸ ಅಂದ ತಕ್ಷಣ ನಮಗೆ ಕೋಟೆ, ಶಾಸನ, ಯುದ್ಧ ನೆನಪಾಗುತ್ತೆ. ಇವತ್ತು ನಾನು ಹೇಳೋಕೆ ಹೊರಟಿರೋದು ಒಂದು ಶಬ್ದದ ಇತಿಹಾಸ. ಬೆಳಿಗ್ಗೆ ಹೊತ್ತು ಪಕ್ಕದ ಮನೆಯವರು ಹಳೇ ಕಾರಿನ ಕೀ ತಿರುಗಿಸ್ತಾರೆ. ಕುಯ್ಯ್ ಕುಯ್ಯ್ ಕುಯ್ಯ್ ಅಂತ ಸೆಲ್ಫ್ ಹೊಡೀತಾನೇ ಇರುತ್ತೆ. ಒಂದು, ಎರಡು, ಐದು, ಎಂಟು ಸೆಕೆಂಡ್. ಆಮೇಲೆ ಒಲ್ಲದ ಮನಸ್ಸಿನಿಂದ ಎಂಜಿನ್ ಎದ್ದೇಳುತ್ತೆ. ಒಂದು ಸಲ ಎದ್ದಮೇಲೆ ದಿನವಿಡೀ ಏನೂ ತೊಂದರೆ ಇಲ್ಲ. ಮಾರನೇ ಬೆಳಿಗ್ಗೆ ಮತ್ತೆ ಅದೇ ಕಥೆ.

ಇಂಥ ಕಾರು ನಿಮ್ಮ ಮನೇಲೂ ಇರಬಹುದು. ಅಪ್ಪ ತಗೊಂಡಿದ್ದು, ಅಥವಾ ನೀವೇ ಮೊದಲ ಸಂಬಳದಲ್ಲಿ ಸೆಕೆಂಡ್‌ಹ್ಯಾಂಡ್ ತಗೊಂಡಿದ್ದು. 2000ದಿಂದ 2010ರ ನಡುವಿನ ಪೆಟ್ರೋಲ್ ಗಾಡಿ, ಹಿಂದುಗಡೆ ಗಾಜಿನ ಮೇಲೆ ‘ಎಂಪಿಎಫ್‌ಐ’ ಅಂತ ಸ್ಟಿಕ್ಕರ್. ಆ ಕಾಲದಲ್ಲಿ ಆ ನಾಲ್ಕು ಅಕ್ಷರಕ್ಕೆ ಈಗಿನ ‘5ಜಿ’ಗೆ ಇರುವಷ್ಟೇ ಮರ್ಯಾದೆ ಇತ್ತು. ಮಲ್ಟಿ ಪಾಯಿಂಟ್ ಫ್ಯೂಯೆಲ್ ಇಂಜೆಕ್ಷನ್. ಅಂದ್ರೆ, ಪ್ರತಿ ಸಿಲಿಂಡರ್‌ಗೂ ಒಂದೊಂದು ಪುಟ್ಟ ಪಿಚಕಾರಿ. ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಅಂತ ಲೆಕ್ಕ ಹಾಕೋಕೆ ಒಂದು ಕಂಪ್ಯೂಟರ್. ಅದನ್ನ ಇಸಿಯು ಅಂತಾರೆ.

ನನ್ನ ವಾದ ಇಷ್ಟೇ. ಈ ಕಾರು ನಿಧಾನ ಸ್ಟಾರ್ಟ್ ಆಗೋಕೆ ನಾಲ್ಕೈದು ಕಾರಣ ಇರಬಹುದು. ಒಂದೊಂದು ಕಾರಣವೂ ಒಂದೊಂದು ಕಾಲದ ಪದರ. ಮಣ್ಣು ಅಗೆದ ಹಾಗೆ ಮೇಲಿನಿಂದ ಒಂದೊಂದೇ ಪದರ ತೆಗೀತಾ ಹೋದ್ರೆ ರೋಗ ಎಲ್ಲಿದೆ ಅಂತ ಗೊತ್ತಾಗುತ್ತೆ. ಅಗೆಯದೆ ಬಿಟ್ರೆ ಬ್ಯಾಟರಿ, ಪ್ಲಗ್, ಪಂಪ್ ಅಂತ ಸಾಮಾನು ಬದಲಾಯಿಸ್ತಾನೇ ಇರ್ತೀವಿ, ದುಡ್ಡು ಹೋಗ್ತಾನೇ ಇರುತ್ತೆ.

ಮೊದಲ ಪದರ: ಹ್ಯಾಂಡಲ್ ಹೊಡೆಯುವ ಕಾಲ

ಅಂಬಾಸಡರ್ ಕಾರಿನ ಮುಂದೆ, ಬಂಪರ್ ಹತ್ರ ಒಂದು ತೂತು ಇರ್ತಿತ್ತು. ಅದಕ್ಕೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಜೋರಾಗಿ ತಿರುಗಿಸಿದ್ರೆ ಎಂಜಿನ್ ತಿರುಗೋದು. ನಿಮ್ಮ ತಾತನನ್ನ ಕೇಳಿ, ಜೀಪಿಗೂ ಇದೇ ವ್ಯವಸ್ಥೆ. ಮೋಟಾರು ವಾಹನಗಳ ಶುರುವಿನ ದಿನಗಳಲ್ಲಿ ಇದು ಬಿಟ್ರೆ ಬೇರೆ ದಾರಿಯೇ ಇರಲಿಲ್ಲ. ಎಂಜಿನ್ ಒಮ್ಮೊಮ್ಮೆ ಉಲ್ಟಾ ಒದೀತಿತ್ತು, ಮಣಿಕಟ್ಟು ಮುರೀತಿತ್ತು. ಹಾಗೆ ಒದೆ ತಿಂದ ಗಾಯದ ಪರಿಣಾಮವಾಗಿ ಬೈರನ್ ಕಾರ್ಟರ್ ಎಂಬ ಅಮೆರಿಕದ ಕಾರು ತಯಾರಕ 1908ರಲ್ಲಿ ತೀರಿಕೊಂಡ, ಅದನ್ನು ಕೇಳಿ ನೊಂದ ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೇಲೆಂಡ್ ಇದಕ್ಕೊಂದು ಪರಿಹಾರ ಹುಡುಕಿಸಿದ ಅನ್ನೋ ಕಥೆ ವಾಹನ ಲೋಕದಲ್ಲಿ ಇವತ್ತಿಗೂ ಓಡಾಡುತ್ತೆ.

ಪರಿಹಾರ ಕೊಟ್ಟವರು ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರ್‌ಗೆ ವಿದ್ಯುತ್ ಮೋಟಾರ್ ಕೂರಿಸಿದ್ದವರು. ಅಲ್ಲಿ ಕಲಿತ ಪಾಠ ಸರಳ: ಕೆಲವೇ ಸೆಕೆಂಡು ದುಡಿಯಬೇಕಾದ ಮೋಟಾರು ಚಿಕ್ಕದಾಗಿದ್ರೂ ಸಾಕು, ಆ ಕೆಲವು ಸೆಕೆಂಡು ಅದರ ತಾಕತ್ತಿಗಿಂತ ಹೆಚ್ಚು ದುಡಿಸಿದ್ರೂ ಸುಡಲ್ಲ. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಈ ಸೆಲ್ಫ್ ಸ್ಟಾರ್ಟರ್ ಬಂತು. 1919ರ ಹೊತ್ತಿಗೆ ಫೋರ್ಡ್ ಮಾಡೆಲ್ ಟಿ ಕಾರಿಗೂ ಇದನ್ನು ಹಾಕಿಸಿಕೊಳ್ಳುವ ಅವಕಾಶ ಸಿಕ್ತು.

ನಿಮ್ಮ ಕಾರಿನ ಸೆಲ್ಫ್ ಮೋಟಾರ್ ಇವತ್ತಿಗೂ ಕೆಟರಿಂಗ್ ಲೆಕ್ಕದಲ್ಲೇ ಕೆಲಸ ಮಾಡೋದು. ಕೆಲವೇ ಸೆಕೆಂಡು, ಆದ್ರೆ ನೂರಕ್ಕೂ ಹೆಚ್ಚು ಆಂಪಿಯರ್. ಹಾಗಾಗಿ ಕಿವಿಗೊಟ್ಟು ಕೇಳಬೇಕಾದ ಮೊದಲ ಪ್ರಶ್ನೆ: ಸೆಲ್ಫ್ ನಿಧಾನ ತಿರುಗ್ತಿದೆಯಾ, ಅಥವಾ ಜೋರಾಗೇ ತಿರುಗ್ತಿದ್ರೂ ಎಂಜಿನ್ ಹತ್ತಿಕೊಳ್ತಿಲ್ವಾ? ಇವೆರಡೂ ಬೇರೆ ಬೇರೆ ರೋಗ. ‘ಕುಯ್ಯ್... ಕುಯ್ಯ್... ಕುಯ್ಯ್’ ಅಂತ ಎಳೆದೆಳೆದು ಬಂದ್ರೆ ಅದು ಕರೆಂಟಿನ ಕಥೆ. ‘ಕುಯ್‌ಕುಯ್‌ಕುಯ್’ ಅಂತ ಚುರುಕಾಗಿದ್ರೆ ಪೆಟ್ರೋಲ್ ಅಥವಾ ಕಿಡಿಯ ಕಥೆ.

ಕರೆಂಟಿನ ಕಥೆ ಆದ್ರೆ ಒಂದು ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು ಇಳಿಯೋದು ಸಹಜ. ಆದ್ರೆ 9.6ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಮೇಲೆ ಅನುಮಾನ ಪಡಿ. ಬ್ಯಾಟರಿ ಸರಿ ಇದ್ದೂ ಸೆಲ್ಫ್ ಎಳೀತಿದ್ರೆ ಟರ್ಮಿನಲ್ ಮೇಲೆ ಬಿಳಿ ಬೂಷ್ಟು ಹಿಡಿದಿದೆಯಾ, ಎಂಜಿನ್‌ಗೆ ಬರುವ ಅರ್ತ್ ವೈರ್ ಸಡಿಲ ಆಗಿದೆಯಾ ನೋಡಿ. ಮೀಟರ್‌ನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಎಂಜಿನ್‌ನ ಬರೀ ಲೋಹದ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅರ್ತ್ ಸರಿ ಇಲ್ಲ. ಹೊಸ ಬ್ಯಾಟರಿ ಹಾಕಿಸಿದ್ರೂ ಈ ತೊಂದರೆ ಹೋಗಲ್ಲ. ಉಪ್ಪು ಕಾಗದ ಹಾಕಿ ಉಜ್ಜಿ ಬಿಗಿ ಮಾಡಿದ್ರೆ ಹೋಗುತ್ತೆ.

ಎರಡನೇ ಪದರ: ಚೋಕ್ ಎಳೆಯುವ ಕಾಲ

ಸೆಲ್ಫ್ ಬಂದಮೇಲೆ ತೋಳಿನ ಕಷ್ಟ ಹೋಯ್ತು. ಚಳಿಯ ಕಷ್ಟ ಉಳೀತು. ಪೆಟ್ರೋಲ್ ಅನ್ನೋದು ಒಂದೇ ವಸ್ತು ಅಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ದ್ರವ ಪೆಟ್ರೋಲ್‌ಗೆ ಬೆಂಕಿ ಹತ್ತಲ್ಲ, ಅದರ ಆವಿಗೆ ಹತ್ತೋದು. ಎಂಜಿನ್ ತಣ್ಣಗಿದ್ದಾಗ ಮಿಶ್ರಣದಲ್ಲಿರುವ ಹಗುರ ಭಾಗ ಮಾತ್ರ ಆವಿಯಾಗುತ್ತೆ. ಉಳಿದದ್ದು ಗೋಡೆಗೆ ಅಂಟಿಕೊಂಡು ಸುಮ್ಮನಿರುತ್ತೆ. ಬಿಸಿ ಎಂಜಿನ್‌ನಲ್ಲಿ 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಸಾಕು. ತಣ್ಣನೆ ಎಂಜಿನ್‌ಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು.

ಕಾರ್ಬುರೇಟರ್ ಕಾಲದಲ್ಲಿ ಇದಕ್ಕೆ ಚೋಕ್ ಇತ್ತು. ಡ್ಯಾಶ್‌ಬೋರ್ಡ್ ಮೇಲಿನ ಗುಬುಟು ಎಳೆದ್ರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲ್ ಜಾಸ್ತಿ ಹೋಗ್ತಿತ್ತು. ಎಷ್ಟು ಎಳೀಬೇಕು, ಯಾವಾಗ ಒಳಗೆ ತಳ್ಳಬೇಕು ಅನ್ನೋದು ಡ್ರೈವರ್‌ನ ಅನುಭವಕ್ಕೆ ಬಿಟ್ಟದ್ದು. ಮಡಿಕೇರಿ ಡಿಸೆಂಬರ್‌ಗೆ ಒಂದು ಅಳತೆ, ಮಂಗಳೂರಿನ ಮೇಗೆ ಇನ್ನೊಂದು. ಅಂದ್ರೆ, ಕಾರಿನ ಇಸಿಯು ಡ್ರೈವರ್ ಸೀಟಿನಲ್ಲೇ ಕೂತಿತ್ತು.

ಈ ಜಾಣತನವನ್ನ ಯಂತ್ರಕ್ಕೆ ಕಲಿಸೋಕೆ ಹೋದವರು ಶುರುವಲ್ಲೇ ಎಡವಿದ್ರು. ಅಮೆರಿಕದ ಬೆಂಡಿಕ್ಸ್ ಕಂಪನಿ 1957ರಲ್ಲಿ ‘ಎಲೆಕ್ಟ್ರೋಜೆಕ್ಟರ್’ ಅನ್ನೋ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹೊರತಂದಿತು. 1958ರಲ್ಲಿ ಕ್ರೈಸ್ಲರ್ ಕಂಪನಿಯ ಕೆಲವೇ ಡಜನ್ ಕಾರುಗಳಿಗೆ ಅದು ಕೂತಿತು. ಆ ಕಾಲದ ಎಲೆಕ್ಟ್ರಾನಿಕ್ಸ್ ಎಂಜಿನ್‌ನ ಬಿಸಿ, ಅದುರಾಟ ತಡೆದುಕೊಳ್ಳಲಿಲ್ಲ. ಹೆಚ್ಚಿನ ಕಾರುಗಳಿಗೆ ವಾಪಸ್ ಕಾರ್ಬುರೇಟರ್ ಹಾಕಿಕೊಟ್ರು. ಪೇಟೆಂಟ್ ಮಾತ್ರ ಜರ್ಮನಿಯ ಬಾಷ್ ಕೈಗೆ ಹೋಯ್ತು.

ಹತ್ತು ವರ್ಷ ಕಳೀತು. 1967ರಲ್ಲಿ ಬಾಷ್ ತನ್ನ ಡಿ-ಜೆಟ್ರಾನಿಕ್ ಅನ್ನು ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ತಂದಿತು. ಅದರ ಹಿಂದೆ ಇದ್ದ ಒತ್ತಡ ವೇಗದ ಆಸೆಯದ್ದಲ್ಲ, ಅಮೆರಿಕದ ಹೊಗೆ ಕಾನೂನಿನದ್ದು. ಇದನ್ನ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಮೂವತ್ತು ವರ್ಷದ ನಂತರ ಭಾರತದಲ್ಲೂ ಇದೇ ಕಥೆ ನಡೆಯುತ್ತೆ.

ಈ ಜೆಟ್ರಾನಿಕ್ ಕುಟುಂಬದ ಕಾರುಗಳಲ್ಲಿ ಚಳಿಗೆಂದೇ ಒಂದು ಹೆಚ್ಚುವರಿ ಇಂಜೆಕ್ಟರ್ ಇರ್ತಿತ್ತು, ಕೋಲ್ಡ್ ಸ್ಟಾರ್ಟ್ ವಾಲ್ವ್ ಅಂತ. ಅದಕ್ಕೊಬ್ಬ ಕಾವಲುಗಾರ: ಥರ್ಮೋ-ಟೈಮ್ ಸ್ವಿಚ್. ಸೆಲ್ಫ್ ಹೊಡೆದ ಕೆಲವು ಸೆಕೆಂಡು ಮಾತ್ರ ಹೆಚ್ಚುವರಿ ಪೆಟ್ರೋಲ್ ಬಿಟ್ಟು, ಆಮೇಲೆ ತಾನೇ ಬಿಸಿಯಾಗಿ ಬಾಗಿಲು ಮುಚ್ಚುತ್ತಿದ್ದ ಪುಟ್ಟ ಲೋಹದ ಪಟ್ಟಿ ಅದು. ಚೋಕ್ ಎಳೆಯುವ ಡ್ರೈವರ್‌ನ ಬೆರಳನ್ನು ಎರಡು ಲೋಹ ಸೇರಿಸಿ ಮಾಡಿದ ಹಾಗೆ.

ನಮ್ಮ ಎಂಪಿಎಫ್‌ಐ ಕಾರುಗಳ ಹೊತ್ತಿಗೆ ಆ ಹೆಚ್ಚುವರಿ ಇಂಜೆಕ್ಟರ್ ಹೋಯ್ತು. ಉಳಿದದ್ದು ಕೂಲೆಂಟ್ ಟೆಂಪರೇಚರ್ ಸೆನ್ಸರ್. ಹೆಬ್ಬೆರಳಿನ ತುದಿಯಷ್ಟು ಗಾತ್ರ. ನೀರು ತಣ್ಣಗಿದ್ರೆ ಅದರ ರೆಸಿಸ್ಟೆನ್ಸ್ ಹೆಚ್ಚು, ಬಿಸಿಯಾದಂತೆ ಕಡಿಮೆ. ಸಾಮಾನ್ಯವಾಗಿ 20 ಡಿಗ್ರಿಯಲ್ಲಿ ಎರಡು ಸಾವಿರದಿಂದ ಮೂರು ಸಾವಿರ ಓಮ್, 80 ಡಿಗ್ರಿಗೆ ಬಂದಾಗ ಮುನ್ನೂರರ ಆಸುಪಾಸು. ಇಸಿಯು ಈ ಒಂದು ಸಂಖ್ಯೆ ನೋಡಿ ಎಷ್ಟು ಚೋಕ್ ಅಂತ ತೀರ್ಮಾನ ಮಾಡುತ್ತೆ. ಈ ಸೆನ್ಸರ್ ಸುಳ್ಳು ಹೇಳಿದ್ರೆ? ಎಂಜಿನ್ ತಣ್ಣಗಿದ್ದೂ ‘ಬಿಸಿ ಇದೆ’ ಅಂದ್ರೆ ಪೆಟ್ರೋಲ್ ಸಾಲದೆ ಬೆಳಿಗ್ಗೆ ಒದ್ದಾಡುತ್ತೆ. ಬಿಸಿ ಇದ್ದೂ ‘ತಣ್ಣಗಿದೆ’ ಅಂದ್ರೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗುತ್ತೆ, ಕಪ್ಪು ಹೊಗೆ, ಪೆಟ್ರೋಲ್ ವಾಸನೆ ಬರುತ್ತೆ, ಬಂಕಿನಲ್ಲಿ ನಿಲ್ಲಿಸಿ ಹೊರಡುವಾಗ ಸ್ಟಾರ್ಟ್ ಕಷ್ಟವಾಗುತ್ತೆ. ಹಾಗಾಗಿ ಎರಡನೇ ಪ್ರಶ್ನೆ: ತೊಂದರೆ ತಣ್ಣಗಿದ್ದಾಗ ಮಾತ್ರವಾ, ಬಿಸಿ ಇದ್ದಾಗ ಮಾತ್ರವಾ, ಎರಡೂ ಹೊತ್ತಾ?

ಮೂರನೇ ಪದರ: ಒದ್ದೆ ಬಟ್ಟೆಯಿಂದ ಮೂರು ಬಾರ್ ಒತ್ತಡದವರೆಗೆ

ಬೇಸಿಗೆಯಲ್ಲಿ ಘಾಟಿ ಹತ್ತಿದ ಅಂಬಾಸಡರ್ ನಿಂತುಹೋದ್ರೆ ಡ್ರೈವರ್ ಬಾನೆಟ್ ಎತ್ತಿ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕ್ತಿದ್ದದ್ದು ಹಳಬರಿಗೆಲ್ಲ ಗೊತ್ತು. ಪಂಪ್ ಎಂಜಿನ್ ಪಕ್ಕದಲ್ಲೇ ಇರ್ತಿತ್ತು. ಬಿಸಿಗೆ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ ಗುಳ್ಳೆ ಕಟ್ಟೋದು. ಅದಕ್ಕೆ ವೇಪರ್ ಲಾಕ್ ಅಂತ ಹೆಸರು.

ಇಂಜೆಕ್ಷನ್ ಬಂದಾಗ ಇದಕ್ಕೆ ಸಿಕ್ಕ ಉತ್ತರ ಒತ್ತಡ. ಒತ್ತಡದಲ್ಲಿರೋ ದ್ರವ ಸುಲಭವಾಗಿ ಕುದಿಯಲ್ಲ, ಪ್ರೆಶರ್ ಕುಕ್ಕರ್‌ನಲ್ಲಿ ನೀರು ನೂರು ಡಿಗ್ರಿ ದಾಟಿದ್ರೂ ಕುದಿಯದ ಹಾಗೆ. ನಮ್ಮ ಎಂಪಿಎಫ್‌ಐ ಕಾರುಗಳಲ್ಲಿ ಟ್ಯಾಂಕಿನೊಳಗಿನ ವಿದ್ಯುತ್ ಪಂಪ್ ಹೆಚ್ಚುಕಮ್ಮಿ ಮೂರು ಬಾರ್ ಒತ್ತಡದಲ್ಲಿ ಪೆಟ್ರೋಲ್ ತಳ್ಳುತ್ತೆ. ಆದ್ರೆ ಎಂಜಿನ್ ಆಫ್ ಮಾಡಿದ ಮೇಲೆ ಏನು ಗತಿ? ಬಿಸಿ ಇನ್ನೂ ಇದೆ, ಪಂಪ್ ನಿಂತಿದೆ. 1973ರಲ್ಲಿ ಬಾಷ್ ತಂದ ಕೆ-ಜೆಟ್ರಾನಿಕ್‌ನಲ್ಲಿ ಇದಕ್ಕೆಂದೇ ಒಂದು ಅಕ್ಯುಮುಲೇಟರ್ ಇತ್ತು. ಒಳಗೆ ಸ್ಪ್ರಿಂಗ್ ಇರುವ ಡಬ್ಬಿ. ಪಂಪ್ ನಿಂತ ಮೇಲೂ ಸ್ವಲ್ಪ ಹೊತ್ತು ಒತ್ತಡ ಕಾಯ್ದುಕೊಳ್ಳೋದೇ ಅದರ ಕೆಲಸ. ಜೊತೆಗೆ ಪಂಪಿನಲ್ಲಿ ಚೆಕ್ ವಾಲ್ವ್. ಪೆಟ್ರೋಲ್ ಮುಂದೆ ಹೋಗೋಕೆ ಬಿಡುತ್ತೆ, ವಾಪಸ್ ಟ್ಯಾಂಕಿಗೆ ಇಳಿಯೋಕೆ ಬಿಡಲ್ಲ. ಮುಂದೆ ಡಬ್ಬಿ ಹೋಯ್ತು, ಚೆಕ್ ವಾಲ್ವ್ ಉಳೀತು. ಹಳೇ ಕಾರುಗಳ ನಿಧಾನ ಸ್ಟಾರ್ಟ್‌ಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಈ ವಾಲ್ವ್ ಒಂದು.

ಇದು ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಅರಸೀಕೆರೆಯಲ್ಲಿರುವ ನಮ್ಮ ಸೋದರಮಾವನ ಹತ್ರ 2004ರ ಒಂದು ಚಿಕ್ಕ ಪೆಟ್ರೋಲ್ ಕಾರಿದೆ. ನಮ್ಮತ್ತೆಗೆ ವಾರಕ್ಕೆ ಎರಡು ಸಲ ಹಾಸನದಲ್ಲಿ ಡಯಾಲಿಸಿಸ್. ಬೆಳಗಿನ ಪಾಳಿ, ಹೊತ್ತಿಗೆ ಸರಿಯಾಗಿ ಇರಬೇಕು. ಕಾರು ಬೆಳಿಗ್ಗೆ ಎಂಟು, ಹತ್ತು ಸೆಕೆಂಡ್ ತಗೊಳ್ಳೋಕೆ ಶುರು ಮಾಡಿತು. ಒಂದು ಗ್ಯಾರೇಜಿನಲ್ಲಿ ಬ್ಯಾಟರಿ ಬದಲಾಯಿಸಿದ್ರು. ಆಮೇಲೆ ಪ್ಲಗ್. ಆಮೇಲೆ ‘ಎಂಜಿನ್ನೇ ವೀಕ್ ಆಗಿದೆ ಸಾರ್, ಗುಜರಿಗೆ ಹಾಕಿಬಿಡಿ’ ಅಂದ್ರು. ಮಾವ ಫೋನ್ ಮಾಡಿ, ‘ಗಾಡಿಗೂ ವಯಸ್ಸಾಯ್ತು ಕಣೋ, ನಮಗೂ ಆಯ್ತು. ಹೊಸದು ತಗೊಳೋ ಕಾಲ ಅಲ್ಲ ಇದು. ಬಾಡಿಗೆ ಕಾರಿನವನು ಐದು ಗಂಟೆಗೆ ಬರ್ತೀನಿ ಅಂತಾನೆ, ಬಂದ್ರೆ ಬಂದ’ ಅಂದ್ರು. ಕಾರು ಹೋದ್ರೆ ಅವರಿಗೆ ಹೋಗೋದು ಕಾರಲ್ಲ, ಅತ್ತೆಯ ಆಸ್ಪತ್ರೆ ಹೊತ್ತು.

ನಾನು ಹೋದಾಗ ಮೊದಲು ಸೆಲ್ಫ್ ಕೇಳಿದೆ. ಚುರುಕಾಗಿಯೇ ಇತ್ತು, ಕರೆಂಟಿನ ಕಥೆ ಅಲ್ಲ. ಬಿಸಿ ಎಂಜಿನ್ ಆಫ್ ಮಾಡಿ ತಕ್ಷಣ ಕೀ ತಿರುಗಿಸಿದರೆ ಒಂದೇ ಸೆಕೆಂಡಿಗೆ ಸ್ಟಾರ್ಟ್. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಮತ್ತೆ ಎಂಟು ಸೆಕೆಂಡ್. ಅರ್ಧ ಗಂಟೆಯಲ್ಲಿ ಎಂಜಿನ್ ತಣ್ಣಗಾಗಲ್ಲ, ಹಾಗಾಗಿ ಚಳಿಯ ಕಥೆಯೂ ಅಲ್ಲ. ಆ ಅರ್ಧ ಗಂಟೆಯಲ್ಲಿ ಏನೋ ಇಳಿದುಹೋಗ್ತಿದೆ.

ಇಂಥ ಕಡೆ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದೆ. ಕೀ ಆನ್ ಮಾಡಿ, ಸೆಲ್ಫ್ ಹೊಡೀಬೇಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡು ‘ಗುಯ್’ ಅಂತ ಪಂಪ್ ಶಬ್ದ ಬರುತ್ತೆ, ನಿಲ್ಲುತ್ತೆ. ಅಪಘಾತದಲ್ಲಿ ಎಂಜಿನ್ ನಿಂತ ಮೇಲೂ ಪಂಪ್ ಪೆಟ್ರೋಲ್ ಸುರೀತಾ ಇರಬಾರದು ಅಂತ, ಎಂಜಿನ್ ತಿರುಗುವ ಸುದ್ದಿ ಬರದಿದ್ರೆ ಇಸಿಯು ಪಂಪನ್ನ ಎರಡು ಸೆಕೆಂಡಿಗೇ ನಿಲ್ಲಿಸುತ್ತೆ. ಕೀ ಆಫ್ ಮಾಡಿ, ಮತ್ತೆ ಆನ್. ಹೀಗೆ ಮೂರು ಸಲ ಮಾಡಿ, ಆಮೇಲೆ ಸೆಲ್ಫ್ ಹೊಡೀರಿ. ಮಾವನ ಕಾರು ಒಂದೇ ಏಟಿಗೆ ಎದ್ದಿತು. ಮಾವ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ.

ಅಂದ್ರೆ ಪಂಪ್ ಸತ್ತಿಲ್ಲ, ಎಂಜಿನ್ ಸತ್ತಿಲ್ಲ. ಪೈಪಿನಲ್ಲಿ ಒತ್ತಡ ನಿಲ್ತಿಲ್ಲ ಅಷ್ಟೇ. ಎಲ್ಲಿಂದ ಇಳೀತಿದೆ ಅನ್ನೋದಕ್ಕೆ ಮೂರು ಜಾಗ: ಸೋರುವ ಇಂಜೆಕ್ಟರ್, ಪ್ರೆಶರ್ ರೆಗ್ಯುಲೇಟರ್, ಪಂಪಿನ ಚೆಕ್ ವಾಲ್ವ್. ಹಾಸನದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ರ ಪ್ರೆಶರ್ ಗೇಜ್ ಇತ್ತು. ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಬಿಚ್ಚಿ ಮೂಸಿ ನೋಡಿದ್ರು. ಪೆಟ್ರೋಲ್ ವಾಸನೆ ಇರಲಿಲ್ಲ, ಅಲ್ಲಿಗೆ ರೆಗ್ಯುಲೇಟರ್‌ನ ಪೊರೆ ಹರಿದಿಲ್ಲ ಅಂತಾಯ್ತು. ಗೇಜ್ ಹಾಕಿ ಪಂಪ್ ಓಡಿಸಿ ನಿಲ್ಲಿಸಿದಾಗ ಮುಳ್ಳು ಮೂರು ಬಾರ್‌ಗೆ ಏರಿ ಎರಡೇ ನಿಮಿಷದಲ್ಲಿ ಸೊನ್ನೆಗೆ ಬಂತು. ವಾಪಸ್ ಹೋಗುವ ಪೈಪನ್ನು ಒತ್ತಿ ಹಿಡಿದ್ರು, ಆಗಲೂ ಇಳೀತು. ಮತ್ತೆ ಪಂಪ್ ಓಡಿಸಿ, ಟ್ಯಾಂಕಿನಿಂದ ಬರುವ ಪೈಪನ್ನು ಒತ್ತಿ ಹಿಡಿದ್ರು. ಮುಳ್ಳು ಅಲುಗಾಡಲಿಲ್ಲ. ಅಲ್ಲಿಗೆ ಮುಗೀತು. ಇಂಜೆಕ್ಟರ್ ಸೋರ್ತಿದ್ರೆ ಆಗಲೂ ಇಳೀಬೇಕಿತ್ತು. ಪೆಟ್ರೋಲ್ ವಾಪಸ್ ಟ್ಯಾಂಕಿಗೆ ಜಾರ್ತಿದೆ. ತಪ್ಪು ಚೆಕ್ ವಾಲ್ವಿನದ್ದು.

ಪಂಪ್ ಜೋಡಣೆ ಸಿಗೋವರೆಗೂ ಮಾವ ‘ಮೂರು ಸಲ ಕೀ’ ಅಭ್ಯಾಸ ಇಟ್ಕೊಂಡ್ರು. ಅತ್ತೆಯೂ ಕಲಿತರು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ಗೇಜ್ ಹಾಕೋದು, ಪೈಪ್ ಒತ್ತೋದು ನೀವು ಮನೆ ಮುಂದೆ ಮಾಡುವ ಕೆಲಸ ಅಲ್ಲ. ಮೂರು ಬಾರ್ ಒತ್ತಡದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಚಿಮ್ಮಿದ್ರೆ ಕಾರು ಮಾತ್ರ ಸುಡಲ್ಲ. ಕೀ ಪರೀಕ್ಷೆ ನೀವು ಮಾಡಿ, ಉಳಿದದ್ದು ತಿಳಿದವರಿಗೆ ಬಿಡಿ.

ನಾಲ್ಕನೇ ಪದರ: ಎಂಜಿನ್ ತಿರುಗುತ್ತಿದೆ ಅಂತ ಹೇಳೋರು ಯಾರು?

1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಾಷ್‌ನ ಮೊಟ್ರಾನಿಕ್ ಬಂತು. ಅಲ್ಲಿವರೆಗೂ ಪೆಟ್ರೋಲ್‌ಗೆ ಒಂದು ವ್ಯವಸ್ಥೆ, ಕಿಡಿಗೆ ಇನ್ನೊಂದು. ಮೊಟ್ರಾನಿಕ್‌ನಲ್ಲಿ ಎರಡೂ ಒಂದೇ ಕಂಪ್ಯೂಟರ್ ಕೈಗೆ ಬಂದವು. ನಮ್ಮ ಎಂಪಿಎಫ್‌ಐ ಕಾರುಗಳಲ್ಲೂ ಇದೇ ಏರ್ಪಾಡು. ಲಾಭ ಬಹಳ, ಅಪಾಯ ಒಂದು: ಎಂಜಿನ್ ಎಷ್ಟು ತಿರುಗಿದೆ, ಎಲ್ಲಿದೆ ಅಂತ ಹೇಳುವ ಸೆನ್ಸರ್ ಬಾಯಿ ಮುಚ್ಚಿದ್ರೆ ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ. ಎಷ್ಟೋ ಕಾರುಗಳಲ್ಲಿ ಈ ಕ್ರ್ಯಾಂಕ್ ಸೆನ್ಸರ್ ಅಂದ್ರೆ ಬರೀ ಆಯಸ್ಕಾಂತ ಮತ್ತು ತಂತಿ ಸುರುಳಿ. ಚಕ್ರ ಜೋರಾಗಿ ತಿರುಗಿದ್ರೆ ದೊಡ್ಡ ಸಿಗ್ನಲ್, ನಿಧಾನ ತಿರುಗಿದ್ರೆ ಸಣ್ಣ ಸಿಗ್ನಲ್.

ಇಲ್ಲಿ ಪದರಗಳು ಒಂದಕ್ಕೊಂದು ಅಂಟಿಕೊಳ್ತವೆ. ಬ್ಯಾಟರಿ ವೀಕ್ ಇದ್ರೆ ಸೆಲ್ಫ್ ನಿಧಾನ. ಸೆಲ್ಫ್ ನಿಧಾನ ಆದ್ರೆ ಸಿಗ್ನಲ್ ಸಣ್ಣದು. ಸಿಗ್ನಲ್ ಸಣ್ಣದಾದ್ರೆ ಇಸಿಯುಗೆ ಎಂಜಿನ್ ತಿರುಗ್ತಿರೋದೇ ಕಾಣಲ್ಲ. ಆಗ ಪಂಪ್ ಬದಲಾಯಿಸಿ ಏನು ಪ್ರಯೋಜನ? ಅದಕ್ಕೇ ಮೊದಲ ಪದರ ಬಿಟ್ಟು ನಾಲ್ಕನೆಯದಕ್ಕೆ ಹಾರಬಾರದು ಅನ್ನೋದು. ಆರ್‌ಪಿಎಂ ಮೀಟರ್ ಇರುವ ಹಲವು ಕಾರುಗಳಲ್ಲಿ ಸೆಲ್ಫ್ ಹೊಡೆಯುವಾಗ ಅದರ ಮುಳ್ಳು ಸ್ವಲ್ಪ ಕುಣಿಯುತ್ತೆ. ಮುಳ್ಳು ಸತ್ತಂತೆ ಬಿದ್ದಿದ್ರೆ ಈ ಸೆನ್ಸರ್ ಮತ್ತು ಅದರ ವೈರ್ ನೋಡಿಸಿ.

ಭಾರತಕ್ಕೆ ಬಂದದ್ದು ಹೇಗೆ?

ಫ್ಯೂಯೆಲ್ ಇಂಜೆಕ್ಷನ್ ಅನ್ನೋ ಮಾತು ಕನ್ನಡದ ನೆಲಕ್ಕೆ 2000ದಲ್ಲಿ ಬಂದದ್ದಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಹಳಬರಿಗೆಲ್ಲ ಗೊತ್ತು. 1951ರಲ್ಲಿ ಶುರುವಾದ ಈ ಕಂಪನಿ ಸ್ಪಾರ್ಕ್ ಪ್ಲಗ್ ಮಾಡಿತು, ಲಾರಿ, ಬಸ್ಸು, ಟ್ರ್ಯಾಕ್ಟರ್‌ಗಳಿಗೆ ಡೀಸೆಲ್ ಇಂಜೆಕ್ಷನ್ ಪಂಪ್ ಮಾಡಿತು. ಡೀಸೆಲ್ ಎಂಜಿನ್‌ಗೆ ಇಂಜೆಕ್ಷನ್ ಇಲ್ಲದೆ ನಡೆಯೋದೇ ಇಲ್ಲ. ಊರೂರಿನ ಡೀಸೆಲ್ ಪಂಪ್ ಮೆಕ್ಯಾನಿಕ್‌ಗಳು ಒತ್ತಡ, ಸೋರಿಕೆ, ನಾಝಲ್ ಭಾಷೆಯನ್ನ ದಶಕಗಳಿಂದ ಮಾತಾಡ್ತಿದ್ರು. ಹಾಸನದ ಆ ಹಿರಿಯ ಮೆಕ್ಯಾನಿಕ್ ಕೂಡ ಡೀಸೆಲ್ ಪಂಪ್ ಕೆಲಸದಿಂದಲೇ ಬಂದವರು. ಗೇಜ್ ನಂಬುವ ಅಭ್ಯಾಸ ಅವರಿಗೆ ಅಲ್ಲಿಂದ ಬಂದದ್ದು. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಊರಿನವರ ಬಾಯಲ್ಲಿ ಮೈಕೋ ಲೇಔಟ್ ಮಾತ್ರ ಹಾಗೇ ಇದೆ.

ಪೆಟ್ರೋಲ್ ಕಾರುಗಳ ಕಥೆ ಬೇರೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ 800 ರಸ್ತೆಗಿಳಿದಾಗ ಅದರಲ್ಲಿದ್ದದ್ದು ಕಾರ್ಬುರೇಟರ್. ಬದಲಾವಣೆ ತಂದದ್ದು ಹೊಗೆ. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯ್ತು, ಸೀಸ ಇಲ್ಲದ ಪೆಟ್ರೋಲ್ ಬಂತು. 1998ರಲ್ಲಿ ಹ್ಯುಂಡೈ ಸ್ಯಾಂಟ್ರೊ ಎಂಪಿಎಫ್‌ಐ ಎಂಜಿನ್‌ನೊಂದಿಗೇ ಬಂದಿಳಿಯಿತು. 1999ರ ಏಪ್ರಿಲ್‌ನಲ್ಲಿ, ಎಂ.ಸಿ. ಮೆಹ್ತಾ ಅವರ ಪರಿಸರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದಿಂದ ದೆಹಲಿ ಸುತ್ತಮುತ್ತ 2000ದ ಏಪ್ರಿಲ್‌ಗೆ ಯೂರೋ-2 ಮಟ್ಟ ತಲುಪದ ಖಾಸಗಿ ಕಾರು ನೋಂದಣಿ ಆಗುವಂತಿರಲಿಲ್ಲ. ಕಾರ್ಬುರೇಟರ್ ಇಟ್ಟುಕೊಂಡು ಆ ಮಟ್ಟ ಮುಟ್ಟೋದು ಬಲು ಕಷ್ಟ. ಮಾರುತಿ 800ಕ್ಕೂ ಆ ಹೊತ್ತಿಗೆ ಎಂಪಿಎಫ್‌ಐ ಬಂತು. 2005ರ ಏಪ್ರಿಲ್‌ಗೆ ಬಿಎಸ್-2 ಇಡೀ ದೇಶದ ನಿಯಮವಾಯ್ತು. ಕ್ಯಾಲಿಫೋರ್ನಿಯಾದ ಹೊಗೆ ಫೋಕ್ಸ್‌ವ್ಯಾಗನ್‌ಗೆ ಮಾಡಿದ್ದನ್ನ ದೆಹಲಿಯ ಹೊಗೆ ನಮ್ಮ ಕಾರುಗಳಿಗೆ ಮಾಡಿತು.

ಈಗ ನಿಮಗೆ ತುಂಬಾ ಬೇಕಾದ ಮಾತಿಗೆ ಬರ್ತೀನಿ. ನೀವು ಕೇಳಬಹುದು, ‘ಇಷ್ಟೆಲ್ಲಾ ಯಾಕೆ? ಆನ್‌ಲೈನಲ್ಲಿ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತಲ್ಲ, ಫೋನ್‌ಗೆ ಕನೆಕ್ಟ್ ಮಾಡಿದ್ರೆ ಆಯ್ತು’ ಅಂತ. ಅಮೆರಿಕದಲ್ಲಿ 1996ರಿಂದಲೇ ಎಲ್ಲ ಹೊಸ ಕಾರುಗಳಿಗೆ ಒಬಿಡಿ-2 ಅನ್ನೋ ಏಕರೂಪದ ಪೋರ್ಟ್ ಮತ್ತು ಭಾಷೆ ಇದೆ. ನಮ್ಮಲ್ಲಿ ಒಬಿಡಿ ನಿಯಮ ಬಂದದ್ದು 2010ರ ಏಪ್ರಿಲ್‌ನಲ್ಲಿ ಬಿಎಸ್-4 ಜೊತೆಗೆ, ಎರಡನೇ ಹಂತ 2013ರಲ್ಲಿ. ಲೆಕ್ಕ ಹಾಕಿ ನೋಡಿ. 2000ದಿಂದ 2010ರವರೆಗೆ ಬಂದ ಲಕ್ಷಾಂತರ ಎಂಪಿಎಫ್‌ಐ ಕಾರುಗಳು ಕಂಪ್ಯೂಟರ್ ಇರುವ, ಆದ್ರೆ ಎಲ್ಲರಿಗೂ ಅರ್ಥವಾಗುವ ಭಾಷೆ ಮಾತಾಡಲೇಬೇಕೆಂಬ ಕಾನೂನಿಲ್ಲದ ಕಾರುಗಳು. ಹಲವು ಕಾರುಗಳು ಅವುಗಳ ಕಂಪನಿಯ ಉಪಕರಣಕ್ಕೆ ಮಾತ್ರ ಉತ್ತರ ಕೊಡ್ತವೆ. ನಿಮ್ಮ ಫೋನ್ ‘ನೋ ಕನೆಕ್ಷನ್’ ಅಂದ್ರೆ ಕಾರು ಕೆಟ್ಟಿದೆ ಅಂತಲ್ಲ, ಸ್ಕ್ಯಾನರ್ ಮೋಸ ಅಂತಲೂ ಅಲ್ಲ. ಅದು ಹತ್ತು ವರ್ಷದ ಕಾನೂನಿನ ಅಂತರ.

ಇನ್ನೊಂದು ಮಾತು. ಚೆಕ್ ವಾಲ್ವಿನಂಥ ಯಾಂತ್ರಿಕ ಸೋರಿಕೆಗೆ ಸ್ಕ್ಯಾನರ್ ಹೆಚ್ಚಿನ ವೇಳೆ ಏನೂ ಹೇಳಲ್ಲ. ಈ ಕಾಲದ ಹೆಚ್ಚಿನ ಚಿಕ್ಕ ಕಾರುಗಳಲ್ಲಿ ಪೆಟ್ರೋಲ್ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಇಲ್ಲದ ಕಣ್ಣಿನಿಂದ ಕಾರು ಏನನ್ನ ನೋಡೋಕೆ ಸಾಧ್ಯ?

ತೀರಾ ಇತ್ತೀಚಿನ ಪದರ

ಈ ಇತಿಹಾಸ ನಿಂತಿಲ್ಲ. 2025ರಲ್ಲಿ ನಮ್ಮ ಪೆಟ್ರೋಲ್‌ನಲ್ಲಿ ಎಥೆನಾಲ್ ಪಾಲು ಶೇ 20ಕ್ಕೆ ಬಂತು. ಎಥೆನಾಲ್ ಆವಿಯಾಗೋಕೆ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಕೇಳುತ್ತೆ. ಬ್ರೆಜಿಲ್‌ನ ಎಥೆನಾಲ್ ಕಾರುಗಳಲ್ಲಿ ಚಳಿ ಬೆಳಗಿಗೆಂದೇ ಒಂದು ಪುಟ್ಟ ಪೆಟ್ರೋಲ್ ಟ್ಯಾಂಕ್ ಇಡ್ತಿದ್ದದ್ದು ಇದಕ್ಕೇ. ಶೇ 20ಕ್ಕೆ, ನಮ್ಮ ಹವೆಗೆ, ಆರೋಗ್ಯವಾಗಿರುವ ಕಾರು ಅದರಿಂದಲೇ ಸ್ಟಾರ್ಟ್ ಆಗದೆ ಕೂರುತ್ತೆ ಅನ್ನುವಂತಿಲ್ಲ. ಆದ್ರೆ ಒತ್ತಡ ಅರ್ಧ ಇಳಿದು, ಸೆನ್ಸರ್ ಅರ್ಧ ಸುಳ್ಳು ಹೇಳ್ತಿರುವ ಕಾರಿಗೆ ಇದು ಇನ್ನೊಂದು ಹೊರೆ. ಜೊತೆಗೆ, ಆ ಕಾಲದ ರಬ್ಬರ್ ಪೈಪುಗಳನ್ನ ಈ ಮಿಶ್ರಣ ನೋಡಿ ಮಾಡಿದ್ದಲ್ಲ. ವರ್ಷಕ್ಕೊಮ್ಮೆ ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದೆಯಾ ಅಂತ ನೋಡಿಸಿ.

ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಕಾರು ಯೋಗ್ಯ ಇದ್ರೆ ಐದೈದು ವರ್ಷಕ್ಕೆ ನವೀಕರಣ. 2004, 2008ರ ಗಾಡಿಗಳು ಈಗ ಈ ಬಾಗಿಲಲ್ಲಿ ನಿಂತಿವೆ. ಇಟ್ಟುಕೊಳ್ಳೋದಾ, ಗುಜರಿಗೆ ಹಾಕೋದಾ ಅನ್ನೋ ಮಾತು ಸಾವಿರಾರು ಮನೆಗಳಲ್ಲಿ ನಡೀತಿದೆ. ನಿಜವಾಗಿಯೂ ಆಯಸ್ಸು ಮುಗಿದ ಕಾರನ್ನ, ಹೊಗೆ ಉಗುಳುವ ಕಾರನ್ನ ಕಳಿಸಲೇಬೇಕು. ಈ ಇಡೀ ಕಥೆ ಶುರುವಾಗಿದ್ದೇ ಹೊಗೆಯಿಂದ. ಆದ್ರೆ ಒಂದು ಚೆಕ್ ವಾಲ್ವಿಗೆ, ತುಕ್ಕು ಹಿಡಿದ ಒಂದು ಅರ್ತ್ ವೈರಿಗೆ, ‘ಎಂಜಿನ್ ಹೋಯ್ತು’ ಅನ್ನೋ ತೀರ್ಪು ಬೀಳಬಾರದು.

ಹಾಗಾಗಿ ಗ್ಯಾರೇಜಿಗೆ ಹೋಗೋ ಮುಂಚೆ ನಾಲ್ಕು ವಿಷಯ ಫೋನ್‌ನಲ್ಲಿ ಬರೆದಿಟ್ಕೊಳ್ಳಿ. ಸೆಲ್ಫ್ ಚುರುಕಾ, ನಿಧಾನವಾ. ತೊಂದರೆ ತಣ್ಣಗಿದ್ದಾಗಲಾ, ಬಿಸಿಗಾ, ಎರಡಕ್ಕೂನಾ. ಕೀ ಮೂರು ಸಲ ಆನ್-ಆಫ್ ಮಾಡಿದ್ರೆ ಬೇಗ ಸ್ಟಾರ್ಟ್ ಆಗುತ್ತಾ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಕುಣಿಯುತ್ತಾ. ಸೆಲ್ಫ್ ಶಬ್ದ ಒಂದು ವಿಡಿಯೊ ಮಾಡ್ಕೊಳ್ಳಿ, ಯಾಕಂದ್ರೆ ಗ್ಯಾರೇಜ್ ಮುಂದೆ ಹೋದ ತಕ್ಷಣ ಎಲ್ಲ ಕಾರೂ ಒಳ್ಳೇ ಹುಡುಗನ ಥರ ಸ್ಟಾರ್ಟ್ ಆಗ್ತವೆ. ‘ಸ್ಟಾರ್ಟಿಂಗ್ ಪ್ರಾಬ್ಲಮ್’ ಅಂತ ಹೋದವರಿಗೆ ಸಿಗೋದು ಹೊಸ ಬ್ಯಾಟರಿ. ಈ ನಾಲ್ಕು ಉತ್ತರ ಹಿಡ್ಕೊಂಡು ಹೋದವರಿಗೆ ಒಳ್ಳೇ ಮೆಕ್ಯಾನಿಕ್ ಒಂದು ಸ್ಟೂಲ್ ಎಳೆದು ಕೊಟ್ಟು, ‘ಕೂತ್ಕೊಳ್ಳಿ, ನೋಡೋಣ’ ಅಂತಾರೆ.